ಎಲೆ ಎತ್ತೋ ಅಂದ್ರೆ ಉಂಡೋರೆಷ್ಟು ಅಂದ

ಈಚೆಗೆ ಯಾವ ಉದ್ಯಮ ಮೇಳಕ್ಕೆ ಹೋದರೂ ಬಾಗಿಲಲ್ಲೇ ಒಂದು ಹಸಿರು ಫಲಕ ಸ್ವಾಗತಿಸುತ್ತದೆ. ‘ಪರಿಸರಸ್ನೇಹಿ ಮೇಳ’, ‘ನೆಟ್ ಝೀರೋದತ್ತ ನಮ್ಮ ನಡೆ’, ಇಂಥದೇನಾದರೊಂದು. ಫಲಕದ ಹಿಂದಕ್ಕೆ ಹೋಗಿ ಮುಟ್ಟಿ ನೋಡುವ ಚಾಳಿ ನನ್ನದು. ಎಷ್ಟೋ ಸಲ ಅದು ಫ್ಲೆಕ್ಸ್. ಕರ್ನಾಟಕದಲ್ಲಿ 2016ರ ಮಾರ್ಚ್‌ನಲ್ಲೇ ಫ್ಲೆಕ್ಸು, ಬಂಟಿಂಗು, ಪ್ಲಾಸ್ಟಿಕ್ ತಟ್ಟೆ ಲೋಟಗಳಿಗೆ ನಿಷೇಧ ಬಂತು. 2022ರ ಜುಲೈ 1ರಿಂದ ದೇಶಕ್ಕೆಲ್ಲ ಇನ್ನೊಂದು ನಿಷೇಧ. ಅದರ ಪಟ್ಟಿಯಲ್ಲಿರುವುದು 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರ್. ಅಂದರೆ ದೆಹಲಿಯ ನಿಯಮ ಹಿಡಿದು ನೋಡಿದರೆ ದಪ್ಪ ಬ್ಯಾನರಿಗೆ ದೋಷವಿಲ್ಲ, ಬೆಂಗಳೂರಿನ ನಿಯಮ ಹಿಡಿದರೆ ಉಂಟು. ಫಲಕ ನಿಲ್ಲಿಸುವ ಹುಡುಗನಿಗೆ ಎರಡೂ ಗೊತ್ತಿಲ್ಲ. ಹತ್ತು ಗಂಟೆಗೆ ಮಂತ್ರಿಗಳು ಬರುತ್ತಾರೆ ಎನ್ನುವುದು ಗೊತ್ತು.

*

ಮೇಳ ಮುಗಿದ ಮೇಲೆ ಬರುವ ಪತ್ರಿಕಾ ಪ್ರಕಟಣೆಗಳನ್ನು ಒಂದು ಫೈಲಿನಲ್ಲಿ ಕೂಡಿಟ್ಟಿದ್ದೇನೆ. ಇಷ್ಟು ದೇಶಗಳಿಂದ ಬಂದರು, ಇಷ್ಟು ಸಾವಿರ ಜನ ಭೇಟಿ ಕೊಟ್ಟರು, ಹೋದ ಸಲಕ್ಕಿಂತ ಇಷ್ಟು ಹೆಚ್ಚು. ಎಲ್ಲವೂ ಒಂದೇ ಅಚ್ಚಿನವು. ಇದೇ ಹಾಳೆಯನ್ನು ಇಂಗಾಲದ ಲೆಕ್ಕ ಹಾಕುವವನ ಕೈಗೆ ಕೊಡಿ. ಅವನು ಗೆರೆ ಎಳೆಯುವುದೂ ಅದೇ ಸಾಲಿನ ಕೆಳಗೆ. ಆಯೋಜಕರು ಮೈಕಿನಲ್ಲಿ ಹೇಳುವ ಅಂಕಿ, ಹೇಳಲು ಹಿಂಜರಿಯುವ ಅಂಕಿ ಎರಡೂ ಒಂದೇ ಸಾಲಿನಲ್ಲಿವೆ. ಹೀಗಿರುವಾಗ ಇಳಿಸುವುದು ಏನನ್ನು? ನನ್ನ ತಲೆಕೆಡಿಸಿದ ಮೊದಲ ಪ್ರಶ್ನೆ ಇದು, ಇನ್ನೂ ಹಾಗೇ ಇದೆ.

*

ಬೇರೆಯವರ ಲೆಕ್ಕದಿಂದ ಶುರು ಮಾಡುವುದು ಸುಲಭ. ಅಮೆರಿಕನ್ ಜಿಯೊಫಿಸಿಕಲ್ ಯೂನಿಯನ್‌ನವರು 2019ರ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆಸಿದ ವಾರ್ಷಿಕ ಸಭೆಗೆ ಸುಮಾರು 28,000 ವಿಜ್ಞಾನಿಗಳು ಬಂದಿದ್ದರು. ಭೂಮಿ, ಕಡಲು, ಹವಾಮಾನ ಇವನ್ನೇ ಓದಿಕೊಂಡವರು. ಅವರ ಓಡಾಟದ ಲೆಕ್ಕವನ್ನು ಕೆಲವರು ಮಾಡಿ 2020ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು: ಸುಮಾರು 80,000 ಟನ್ ಇಂಗಾಲದ ಡೈಆಕ್ಸೈಡಿಗೆ ಸಮ, ತಲೆಗೆ ಹತ್ತಿರ ಹತ್ತಿರ ಮೂರು ಟನ್. ಒಬ್ಬ ಭಾರತೀಯನ ಇಡೀ ವರ್ಷದ ಸರಾಸರಿ ಇಂಗಾಲದ ಡೈಆಕ್ಸೈಡ್ ಎರಡು ಟನ್ನಿನ ಆಸುಪಾಸು. ಹವಾಮಾನ ಬಲ್ಲವರ ಒಂದು ವಾರದ ಸಭೆ ಅದನ್ನು ಮೀರಿತು.

ಗ್ಲಾಸ್ಗೊದಲ್ಲಿ 2021ರ ನವೆಂಬರ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನದ ಅಂದಾಜೂ ಒಂದು ಲಕ್ಷ ಟನ್ ದಾಟಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ವಿಮಾನಗಳದ್ದು. ಪ್ರದರ್ಶನ, ಸಭೆಗಳ ಉದ್ಯಮದವರು ‘ನೆಟ್ ಝೀರೋ ಕಾರ್ಬನ್ ಇವೆಂಟ್ಸ್’ ಎಂಬ ಪ್ರತಿಜ್ಞೆ ಘೋಷಿಸಿದ್ದೂ ಅಲ್ಲೇ. 2030ಕ್ಕೆ ಅರ್ಧ, 2050ರ ಹೊತ್ತಿಗೆ ಸೊನ್ನೆ. ಘೋಷಿಸಲು ಹೋದವರಲ್ಲಿ ನಡೆದು ಹೋದವರು ಯಾರೂ ಇರಲಾರರು.

*

ಚೀಟಿಯ ಹಿಂಬದಿಯಲ್ಲಿ ಮಾಡಿದ ಲೆಕ್ಕ, ತಪ್ಪಿದ್ದರೆ ಬಲ್ಲವರು ತಿದ್ದಲಿ. ದೆಹಲಿ–ಬೆಂಗಳೂರು ನಡುವೆ ಹಾರುವ 180 ಸೀಟಿನ ವಿಮಾನ ಗಂಟೆಗೆ ಸುಮಾರು ಎರಡೂವರೆ ಟನ್ ಇಂಧನ ಕುಡಿಯುತ್ತದೆ. ಆಕಾಶದಲ್ಲಿರುವುದು ಎರಡೂವರೆ ಗಂಟೆ. ಆರೂಕಾಲು ಟನ್ ಆಯಿತು. ವಿಮಾನದ ಇಂಧನ ಒಂದು ಕೆಜಿ ಉರಿದರೆ 3.16 ಕೆಜಿ ಇಂಗಾಲದ ಡೈಆಕ್ಸೈಡ್. ಗುಣಿಸಿ 180ರಿಂದ ಭಾಗಿಸಿದರೆ, ಸೀಟೆಲ್ಲ ತುಂಬಿದ್ದರೂ, ತಲೆಗೆ 110 ಕೆಜಿ. ಹೋಗಿ ಬರಲು 220.

ಮೇಳದ ಕಾಫಿ ಕೌಂಟರಿನಲ್ಲಿ ‘ಕಾಗದದ ಲೋಟ ಬಿಡಿ, ಭೂಮಿ ಉಳಿಸಿ’ ಎಂದು ಬರೆದಿತ್ತು. ಲೋಟಕ್ಕೆ 15 ಗ್ರಾಂ ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ ಒಬ್ಬ ದೆಹಲಿಯವನ ಹೋಗಿಬರುವ ಖರ್ಚಿಗೆ 14,000ಕ್ಕೂ ಹೆಚ್ಚು ಲೋಟ ಬೇಕು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಆದರೂ ಕಾಗದದ ಲೋಟ ಬಿಡಬೇಕು ಎನ್ನುವವರಲ್ಲಿ ನಾನೂ ಒಬ್ಬ. ಅದರ ಒಳಮೈಗೆ ಪ್ಲಾಸ್ಟಿಕ್ ಪೊರೆ ಇರುತ್ತದೆ, ಆ ಲೋಟ ಕೊನೆಗೆ ಸೇರುವುದು ಯಾವುದೋ ಹಳ್ಳಿಯ ಪಕ್ಕದ ಕಸದ ಗುಡ್ಡವನ್ನು. ಅದು ಕಸದ ತಕರಾರು. ಇಂಗಾಲದ ತಕರಾರು ಬೇರೆ. ಮೇಳಗಳಲ್ಲಿ ಇವೆರಡನ್ನೂ ಒಂದೇ ಹಸಿರು ಚೀಲಕ್ಕೆ ತುಂಬಿಬಿಟ್ಟಿದ್ದಾರೆ. ಕಣ್ಣಿಗೆ ಕಾಣುವ ಕಸ ಕಡಿಮೆಯಾದರೆ ಕಾಣದ ಹೊಗೆಯೂ ಕಡಿಮೆಯಾಯಿತು ಎಂದು ಎಲ್ಲರೂ ನಂಬಿ ಮನೆಗೆ ಹೋಗುತ್ತಾರೆ.

*

ಲೆಕ್ಕದ ಪುಸ್ತಕದಲ್ಲಿ ಮೂರು ಖಾತೆ. 2001ರಲ್ಲಿ ಮೊದಲು ಬಂದ ಗ್ರೀನ್‌ಹೌಸ್ ಗ್ಯಾಸ್ ಪ್ರೋಟೋಕಾಲ್ ಹಾಕಿಕೊಟ್ಟ ಪದ್ಧತಿ ಅದು. ಕಂಪನಿಗಳೆಲ್ಲ ಪಾಲಿಸುವುದು ಅದನ್ನೇ. ಸ್ಕೋಪ್ 1 ಎಂದರೆ ನೀವೇ ಸುಟ್ಟದ್ದು: ಜನರೇಟರಿನ ಡೀಸೆಲ್, ಅಡುಗೆಮನೆಯ ಸಿಲಿಂಡರ್. ಸ್ಕೋಪ್ 2, ಕೊಂಡ ಕರೆಂಟು. ಸ್ಕೋಪ್ 3, ಉಳಿದದ್ದೆಲ್ಲ. ಮೇಳದ ಮಟ್ಟಿಗೆ ಆ ‘ಉಳಿದದ್ದೆಲ್ಲ’ದಲ್ಲೇ ಮುಕ್ಕಾಲುಪಾಲು ಸಂಗತಿ ಅಡಗಿದೆ. ವಿಮಾನ, ಟ್ಯಾಕ್ಸಿ, ಹೋಟೆಲು, ಸ್ಟಾಲಿನ ಪ್ಲೈವುಡ್, ಊಟ.

ಈಗ ಆ ದೆಹಲಿಯವನ ವಿಮಾನ ಯಾರ ಖಾತೆಗೆ? ವಿಮಾನ ಕಂಪನಿಗೆ ಅದು ಸ್ಕೋಪ್ 1. ಅವನನ್ನು ಕಳಿಸಿದ ಕಂಪನಿಗೆ ಸ್ಕೋಪ್ 3. ಕರೆಸಿದ ಆಯೋಜಕರಿಗೂ ಸ್ಕೋಪ್ 3. ಒಂದೇ ಹೊಗೆಯನ್ನು ಮೂವರೂ ಬರೆದುಕೊಳ್ಳಬಹುದು, ಪದ್ಧತಿಯಲ್ಲಿ ಅದಕ್ಕೆ ಅಡ್ಡಿಯಿಲ್ಲ. ನಮ್ಮಲ್ಲಿ ಸೆಬಿ 2022–23ರಿಂದ ಷೇರುಪೇಟೆಯ ಮೊದಲ ಸಾವಿರ ಕಂಪನಿಗಳಿಗೆ ಸುಸ್ಥಿರತೆಯ ವರದಿ ಕಡ್ಡಾಯ ಮಾಡಿತು. ಅದರಲ್ಲಿ ಸ್ಕೋಪ್ 1, ಸ್ಕೋಪ್ 2 ಬರೆಯಲೇಬೇಕಾದ ಖಾನೆಗಳು. ಸ್ಕೋಪ್ 3 ಇಷ್ಟವಿದ್ದರೆ ಬರೆಯಬಹುದಾದ ಖಾನೆಯಾಗಿ ಬಂತು. ಮೇಳದಲ್ಲಿ ಲಕ್ಷಗಟ್ಟಲೆ ಸುರಿದು ಸ್ಟಾಲು ಹಾಕುವ ಕಂಪನಿ ಆ ಖಾನೆ ಖಾಲಿ ಬಿಟ್ಟರೆ, ಆಯೋಜಕರು ‘ಅದು ಅವರ ಪ್ರಯಾಣ’ ಎಂದರೆ, ವಿಮಾನವೇ ಹಾರಲಿಲ್ಲವೆಂದು ತಿಳಿಯಬೇಕೇ?

*

ಕರೆಂಟಿನದು ಇನ್ನೂ ತಮಾಷೆ. ನಮ್ಮ ಗ್ರಿಡ್ಡಿನ ಒಂದು ಯೂನಿಟ್ಟಿಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಎನ್ನುವುದು ಕೇಂದ್ರೀಯ ವಿದ್ಯುತ್ ಪ್ರಾಧಿಕಾರದ ಲೆಕ್ಕ. ಇಡೀ ದೇಶಕ್ಕೆ ಒಂದೇ ಅಂಕಿ. ಕಾರಣ, ದಕ್ಷಿಣದ ಗ್ರಿಡ್ಡು 2013ರ ಕೊನೆಯ ದಿನ ಉಳಿದ ದೇಶದ ಗ್ರಿಡ್ಡಿಗೆ ಸೇರಿಕೊಂಡಿತು. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇರಲಿ, ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ನಡೆಯುವ ಮೇಳಕ್ಕೆ ಅದರ ಪುಣ್ಯ ತಾನಾಗಿ ಅಂಟಿಕೊಳ್ಳುವುದಿಲ್ಲ. ಹಸಿರು ಕರೆಂಟಿಗೆ ಒಪ್ಪಂದ ಮಾಡಿಕೊಂಡು ಹೆಚ್ಚುವರಿ ದುಡ್ಡು ತೆತ್ತರೆ ಅದೇ ಟ್ಯೂಬ್‌ಲೈಟಿನ ಲೆಕ್ಕ ಸೊನ್ನೆಯಾಗುತ್ತದೆ. ಈ ಎರಡು ಪದ್ಧತಿಗಳಿಗೂ ಮಾನ್ಯತೆ ಇದೆ, ಎರಡನ್ನೂ ವರದಿಯಲ್ಲಿ ಬರೆಯಬೇಕು ಎನ್ನುತ್ತದೆ ನಿಯಮ. ಹಸಿರು ಫಲಕದಲ್ಲಿ ಬರುವುದು ಯಾವುದು ಎಂದು ಹೇಳಬೇಕಾಗಿಲ್ಲ.

ಜನರೇಟರಿನ ವಿಷಯದಲ್ಲಿ ನನಗೆ ಆಶ್ಚರ್ಯ ಕಾದಿತ್ತು. ಅದರ ಸದ್ದು, ವಾಸನೆ ನೋಡಿ ಇಡೀ ಮೇಳದ ಪಾಪವೆಲ್ಲ ಅದರ ತಲೆಯ ಮೇಲೆಯೇ ಇದೆ ಎಂದುಕೊಂಡಿದ್ದೆ. ಒಂದು ಲೀಟರ್ ಡೀಸೆಲ್ಲಿಗೆ 2.68 ಕೆಜಿ, ಸಾಧಾರಣ ಡೀಸೆಲ್ ಜನರೇಟರ್ ಒಂದು ಲೀಟರಿಗೆ ಮೂರು–ಮೂರೂವರೆ ಯೂನಿಟ್ ಕೊಡುತ್ತದೆ. ಯೂನಿಟ್ಟಿಗೆ 0.8ರ ಸುತ್ತಮುತ್ತ. ಗ್ರಿಡ್ಡಿನ 0.7ಕ್ಕೂ ಇದಕ್ಕೂ ಭೂಮಿ–ಆಕಾಶದ ಅಂತರವೇನಿಲ್ಲ. ಜನರೇಟರಿನ ಹೊಗೆ ನಮ್ಮ ಮೂಗಿಗೆ ಬಡಿಯುತ್ತದೆ, ರಾಯಚೂರು ಶಾಖೋತ್ಪನ್ನ ಸ್ಥಾವರದ ಹೊಗೆ ಶಕ್ತಿನಗರದವರ ಮೂಗಿಗೆ.

*

ಸರಾಸರಿಯ ಚಮತ್ಕಾರ. ‘ಪ್ರತಿ ಸಂದರ್ಶಕರ ಇಂಗಾಲದ ಪ್ರಮಾಣ ಇಳಿಕೆ’ ಎಂಬ ಸಾಲು ಕಂಡರೆ ಈಗ ನಾನು ಮೊದಲು ಹುಡುಕುವುದು, ಹೊರಗೆ ಕಾಲೇಜು ಬಸ್ಸುಗಳು ನಿಂತಿದ್ದವೇ ಎಂದು. ಕೊನೆಯ ದಿನ ಸುತ್ತಮುತ್ತಲ ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ಮಕ್ಕಳನ್ನು ಬಸ್ಸಿನಲ್ಲಿ ಕರೆತಂದರೆ ಒಟ್ಟು ಹೊಗೆ ಒಂದಿಷ್ಟು ಏರುತ್ತದೆ, ತಲೆವಾರು ಹೊಗೆ ಇಳಿಯುತ್ತದೆ. ಮಕ್ಕಳು ಚೀಲ, ಪೆನ್ನು, ಕ್ಯಾಟಲಾಗು ಬಾಚಿಕೊಂಡು ಖುಷಿಯಾಗಿ ಹೋಗುತ್ತಾರೆ. ಅವರಿಂದ ವರದಿಗೂ ಉಪಕಾರವಾಯಿತೆಂದು ಅವರಿಗೆ ಗೊತ್ತಾಗುವುದಿಲ್ಲ.

*

ಮನೆಯಲ್ಲೇ ಕೂತು ನೋಡಿದರಾಗದೇ ಎಂದು ಕೇಳುವವರಿದ್ದಾರೆ. ಕಾರ್ನೆಲ್ ವಿಶ್ವವಿದ್ಯಾಲಯದವರು ಇದನ್ನೂ ಲೆಕ್ಕ ಹಾಕಿ 2021ರಲ್ಲಿ ಪ್ರಕಟಿಸಿದರು: ಸಮ್ಮೇಳನವನ್ನು ಪೂರ್ತಿ ಆನ್‌ಲೈನ್ ಮಾಡಿದರೆ ಶೇ 94ರಷ್ಟು ಉಳಿತಾಯ, ಜಾಗಗಳನ್ನು ನೋಡಿ ಆರಿಸಿ, ಅರ್ಧಕ್ಕಿಂತ ಹೆಚ್ಚು ಜನ ಖುದ್ದಾಗಿ ಬಂದು ಉಳಿದವರು ಆನ್‌ಲೈನಿನಲ್ಲಿದ್ದರೂ ಮೂರರಲ್ಲಿ ಎರಡು ಪಾಲಿನವರೆಗೆ ಉಳಿತಾಯ. ಬೆಂಗಳೂರು ತಂತ್ರಜ್ಞಾನ ಶೃಂಗಸಭೆ 2020ರಲ್ಲಿ, ಕೋವಿಡ್ ಕಾಲದಲ್ಲಿ, ಪರದೆಯ ಮೇಲೆಯೇ ನಡೆಯಿತು. ಆಕಾಶ ಬಿದ್ದುಹೋಗಲಿಲ್ಲ. ಆದರೆ ದಾರಿ ತೆರೆದ ಕೂಡಲೇ ಎಲ್ಲರೂ ಮತ್ತೆ ಸೂಟು ತೊಟ್ಟು ಬಂದರು.

ಇವರು ಬರೀ ಬಿರಿಯಾನಿಗೂ ಗಾಳಿ ಬದಲಾವಣೆಗೂ ಬರುತ್ತಾರೆ ಎಂದು ನಗುತ್ತಿದ್ದೆ. ತುಮಕೂರು ರಸ್ತೆಯ ಮಾದಾವರದ ಪ್ರದರ್ಶನ ಕೇಂದ್ರದಲ್ಲಿ ಇಮ್‌ಟೆಕ್ಸ್, ಅಂದರೆ ಯಂತ್ರೋಪಕರಣಗಳ ಮೇಳ, ನೋಡುವಾಗ ನಗು ಕಡಿಮೆಯಾಯಿತು. ಅಲ್ಲಿ ಟನ್‌ಗಟ್ಟಲೆ ತೂಗುವ ಸಿಎನ್‌ಸಿ ಯಂತ್ರಗಳು ಲಾರಿಯಲ್ಲಿ ಬಂದು, ಕ್ರೇನಿನಲ್ಲಿ ಇಳಿದು, ಸ್ಟಾಲಿನಲ್ಲೇ ಲೋಹ ಕೊರೆಯುತ್ತವೆ. ಹಾಲಿನ ತುಂಬ ಕೂಲೆಂಟಿನ ಜಿಡ್ಡು ವಾಸನೆ. ಪೀಣ್ಯ ಕಡೆಯವರಿರಬೇಕು, ಐವತ್ತು ದಾಟಿದ ಒಬ್ಬ ಯಜಮಾನರು ಯಂತ್ರದಿಂದ ಆಗಷ್ಟೇ ಹೊರಬಂದ ಬಿಸಿ ಬಿಡಿಭಾಗವನ್ನು ಬಟ್ಟೆಯಲ್ಲಿ ಹಿಡಿದು ಹೆಬ್ಬೆರಳ ಉಗುರಿನಿಂದ ಮೆಲ್ಲಗೆ ಗೀರಿದರು. ಬೆಳಕಿಗೆ ಓರೆ ಹಿಡಿದರು. ಮತ್ತೆ ಗೀರಿದರು. ಕಂಪನಿಯ ಹುಡುಗ ಟ್ಯಾಬ್ಲೆಟ್ಟಿನಲ್ಲಿ ಏನೇನೋ ಗ್ರಾಫು ತೋರಿಸುತ್ತಿದ್ದ. ಇವರು ಆ ಕಡೆ ತಿರುಗಲೇ ಇಲ್ಲ. ‘ಸ್ಪಿಂಡಲ್ ಸದ್ದು ಇನ್ನೊಂದ್ಸಲ ಕೇಳಿಸಪ್ಪಾ’ ಎಂದರು. ಎಪ್ಪತ್ತೆಂಬತ್ತು ಲಕ್ಷದ ಸಾಲ ಮಾಡುವವನು ಜೂಮ್ ಕರೆಯಲ್ಲಿ ಉಗುರು ಗೀರಿ ನೋಡುವುದು ಹೇಗೆ?

ಅಲ್ಲದೆ ಅವರು ಒಂದೇ ದಿನದಲ್ಲಿ ಪುಣೆ, ರಾಜ್‌ಕೋಟ್, ಕೊಯಮತ್ತೂರು, ಜರ್ಮನಿ, ತೈವಾನ್ ಎಲ್ಲವನ್ನೂ ನೋಡಿ ಸಂಜೆ ಮೆಟ್ರೊ ಹತ್ತಿ ಮನೆಗೆ ಹೋದರು. ಮೇಳ ಇಲ್ಲದಿದ್ದರೆ ಅವರು ಮಾಡಬೇಕಿದ್ದ ಪ್ರಯಾಣಗಳನ್ನು ಯಾರೂ ಕಳೆದು ತೋರಿಸುವುದಿಲ್ಲ. ಆಯೋಜಕರು ಈ ವಾದ ಹೂಡಿದಾಗ ತಲೆದೂಗಬೇಕೆನಿಸುತ್ತದೆ. ಮರುಗಳಿಗೆಯೇ ಅನುಮಾನ: ನಡೆಯದ ಪ್ರಯಾಣ ಎಷ್ಟು ಬೇಕಾದರೂ ಇರಬಹುದಲ್ಲ, ಅದಕ್ಕೆ ಟಿಕೆಟ್ ಇಲ್ಲ.

*

ಮಾದಾವರದ ಮೆಟ್ರೊ. ನಾಗಸಂದ್ರದಿಂದ ಅಲ್ಲಿಯವರೆಗಿನ ಹಸಿರು ಮಾರ್ಗ 2024ರ ನವೆಂಬರ್ 7ರಂದು ತೆರೆಯಿತು. ಪ್ರದರ್ಶನ ಕೇಂದ್ರ ಶುರುವಾಗಿದ್ದು 2007ರಲ್ಲಿ, ‘ಲೀಡ್’ ಎಂಬ ಹಸಿರು ಕಟ್ಟಡದ ಪ್ರಮಾಣಪತ್ರವೂ ಅದಕ್ಕಿದೆ. ಕೇಂದ್ರ ಶುರುವಾಗಿ, ಅಲ್ಲಿಗೆ ರೈಲು ಬರುವ ನಡುವೆ ಹದಿನೇಳು ವರ್ಷ. ಅಷ್ಟು ಕಾಲ ಹಸಿರು ಕಟ್ಟಡಕ್ಕೆ ಜನ ಎಂಟನೇ ಮೈಲಿಯ ಟ್ರಾಫಿಕ್ಕಿನಲ್ಲಿ ಕಾರು ಉರಿಸಿಕೊಂಡು ಬಂದರು. ಪ್ರದರ್ಶನದ ಜಾಗಕ್ಕೆ ಪ್ರಮಾಣಪತ್ರ ಕೊಡುವ ಮೊದಲು ನಿಲ್ದಾಣ ಎಷ್ಟು ದೂರ ಎಂಬ ಒಂದೇ ಪ್ರಶ್ನೆ ಕೇಳಿದ್ದರೆ ಸಾಕಿತ್ತು ಎನಿಸುತ್ತದೆ. ವಿಮಾನ ನಿಲ್ದಾಣದಿಂದ ಬರುವವರು ಹೆಚ್ಚಾಗಿ ಹಿಡಿಯುವುದು ಟ್ಯಾಕ್ಸಿಯನ್ನೇ.

ಕಾರು ಎಂದಾಗ ನೆನಪಾಯಿತು. 2019ರ ಫೆಬ್ರುವರಿಯಲ್ಲಿ ಯಲಹಂಕದ ಏರೋ ಇಂಡಿಯಾ ಪಾರ್ಕಿಂಗಿನ ಒಣಹುಲ್ಲಿಗೆ ಬೆಂಕಿ ಬಿದ್ದು ಸುಮಾರು ಮುನ್ನೂರು ಕಾರುಗಳು ಸುಟ್ಟುಹೋದವು. ಆ ಹೊಗೆ ಯಾವ ಸ್ಕೋಪ್ ಎಂದು ಒಬ್ಬ ಲೆಕ್ಕಿಗರನ್ನು ಕೇಳಿದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ ಸುಮ್ಮನಾದರು.

*

2023ರ ಫೆಬ್ರುವರಿ. ಮಾದಾವರದಲ್ಲೇ ಮೊದಲ ಇಂಡಿಯಾ ಎನರ್ಜಿ ವೀಕ್. ಇಂಡಿಯನ್ ಆಯಿಲ್‌ನವರು ಹಳೆಯ ಪೆಟ್ ಬಾಟಲಿಗಳಿಂದ ಮಾಡಿದ ಜಾಕೆಟ್ಟನ್ನು ಪ್ರಧಾನಿಗೆ ಕೊಟ್ಟರು. ಅವರು ಅದನ್ನು ತೊಟ್ಟು ಸಂಸತ್ತಿಗೆ ಹೋದರು, ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಬಂತು. ಎಣ್ಣೆ ಉದ್ಯಮದ ಮೇಳದಿಂದ ಜನರ ನೆನಪಿನಲ್ಲಿ ಉಳಿದದ್ದು ಬಾಟಲಿ. ಜಾಣತನ ಎಂದರೆ ಇದು.

*

ಸ್ಟಾಲು ಬಿಚ್ಚುವ ರಾತ್ರಿ ನೋಡಬೇಕು. ಮೇಳವನ್ನು ಬಲ್ಲೆ ಎನ್ನುವವರು ಅದನ್ನು ನೋಡದೆ ಮಾತಾಡಬಾರದು. ಸಂಜೆ ಐದಕ್ಕೆ ಮೈಕಿನಲ್ಲಿ ಧನ್ಯವಾದ ಹೇಳುತ್ತಿದ್ದಂತೆ ಹಿಂಬಾಗಿಲಿನಿಂದ ಸುತ್ತಿಗೆ, ಡ್ರಿಲ್ಲು, ಕೈಗಾಡಿ ಒಳನುಗ್ಗುತ್ತವೆ. ಮೊದಲು ಟಿವಿಗಳು ಇಳಿಯುತ್ತವೆ, ಆಮೇಲೆ ಬಲ್ಬು, ಆಮೇಲೆ ಗೋಡೆ. ಕಂಪನಿಗಳ ಹೆಸರು ಹೊತ್ತ ವಿನೈಲ್ ಹಾಳೆಗಳನ್ನು ಚರ್ಮ ಸುಲಿದಂತೆ ಕಿತ್ತೆಸೆಯುತ್ತಾರೆ. ನೆಲದ ಸಿಂಥೆಟಿಕ್ ಕಾರ್ಪೆಟ್ಟನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಸುರುಳಿ ಸುತ್ತುತ್ತಾರೆ. ಮೂರ್ನಾಲ್ಕು ದಿನಕ್ಕೆ ಹಾಸಿದ್ದು, ಅದರ ಆಯುಷ್ಯ ಮುಗಿಯಿತು. ಬೆಳಗಾಗುವ ಮೊದಲು ಹಾಲು ಖಾಲಿ ಮಾಡಬೇಕು, ಇಲ್ಲವಾದರೆ ದಂಡ. ಆ ಅವಸರದಲ್ಲಿ ಸ್ಕ್ರೂ ಬಿಚ್ಚುವ ತಾಳ್ಮೆ ಯಾರಿಗಿದೆ? ಪ್ಲೈವುಡ್ಡಿಗೆ ಒದೆ ಬೀಳುತ್ತದೆ.

ಸ್ಟಾಲುಗಳಲ್ಲಿ ಎರಡು ಜಾತಿ. ಅಲ್ಯುಮಿನಿಯಂ ಕಂಬಕ್ಕೆ ಬಿಳಿ ಹಲಗೆ ಸಿಕ್ಕಿಸುವ ಶೆಲ್ ಸ್ಕೀಮ್. ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ವರ್ಷಗಟ್ಟಲೆ ಬಾಳುತ್ತದೆ, ನೋಡಲು ಸಪ್ಪೆ. ಇನ್ನೊಂದು, ಖಾಲಿ ಜಾಗ ಕೊಂಡು ಮರ, ಪ್ಲೈವುಡ್, ಬಣ್ಣ ಬಳಸಿ ಎಬ್ಬಿಸುವ ಅರಮನೆ. ದೊಡ್ಡ ಕಂಪನಿಗಳೆಲ್ಲ ಎರಡನೇ ಜಾತಿ. ವಿದೇಶದಲ್ಲಿ ಇನ್ಫಾರ್ಮಾ ಎಂಬ ಮೇಳಗಳ ದೊಡ್ಡ ಕಂಪನಿ ಒಮ್ಮೆ ಕಟ್ಟಿ ಎಸೆಯುವ ಸ್ಟಾಲುಗಳನ್ನು ನಿಲ್ಲಿಸಲು ‘ಬೆಟರ್ ಸ್ಟ್ಯಾಂಡ್ಸ್’ ಎಂಬ ಕಾರ್ಯಕ್ರಮವನ್ನೇ ನಡೆಸುತ್ತಿದೆ.

ನಮ್ಮ ಕಡೆಯ ಒಬ್ಬ ಸ್ಟಾಲ್ ಫ್ಯಾಬ್ರಿಕೇಟರ್ ಯಾವ ಕಾರ್ಯಕ್ರಮದ ಹೆಸರೂ ಕೇಳಿಲ್ಲ. ಆ ಗದ್ದಲದಲ್ಲೂ ಅವನ ಹುಡುಗರು ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ ಬಕೆಟ್ಟಿಗೆ ಹಾಕುತ್ತಿದ್ದರು.

‘ಒಡೆದು ಹಾಕಲ್ವಾ?’ ಎಂದೆ.

‘ಎಲ್ಲಿ ಸಾರ್! ಪ್ಲೈವುಡ್ ರೇಟ್ ಗೊತ್ತಾ ನಿಮ್ಗೆ? ಈ ಪ್ಯಾನೆಲ್ ಹೋದ್ವರ್ಷ ಔಷಧಿ ಕಂಪನಿ ಗೋಡೆ, ಈಗ ಪಂಪ್ ಕಂಪನೀದು, ಮುಂದಿನ ತಿಂಗ್ಳು ಯಾವ್ದೋ ಬ್ಯಾಂಕಿಂದು. ಮೇಲೆ ವಿನೈಲ್ ಬದಲಾಯಿಸಿದ್ರೆ ಆಯ್ತು. ಪಾರ್ಟಿಗೆ ಹೇಳಕ್ಕೆ ಹೋಗ್ಬೇಡಿ ಮತ್ತೆ, ಅವ್ರಿಗೆ ಹೊಸದು ಅಂತಲೇ ಬಿಲ್ ಮಾಡಿರೋದು.’

ಬಿಲ್ಲಿನ ಧರ್ಮಸೂಕ್ಷ್ಮ ಅವನಿಗೇ ಬಿಟ್ಟದ್ದು. ಇಂಗಾಲದ ಮಟ್ಟಿಗೆ ಇಡೀ ಹಾಲಿನಲ್ಲಿ ನನಗೆ ಕಂಡ ಗಟ್ಟಿ ಉಳಿತಾಯ ಅದೇ. ಅದು ಯಾವ ವರದಿಗೂ ಹೋಗುವುದಿಲ್ಲ, ಹೋದರೆ ಅವನ ವ್ಯಾಪಾರ ಕೆಡುತ್ತದೆ. ಅವನ ಎದುರಿಗಿದ್ದ ಸ್ಟಾಲಿನಲ್ಲಿ ಬಿದಿರಿನ ಕಮಾನು, ಗೋಡೆ ತುಂಬ ಹಸಿರು ಹುಲ್ಲು, ‘ಸುಸ್ಥಿರತೆ ನಮ್ಮ ಉಸಿರು’ ಎಂಬ ಬರಹ. ಹುಲ್ಲು ಪ್ಲಾಸ್ಟಿಕ್ಕಿನದು. ಎಲ್ಲ ಹೊಚ್ಚ ಹೊಸದು, ಎಲ್ಲವೂ ಅದೇ ರಾತ್ರಿ ಲಾರಿಗೆ. ಗುಜರಿಯವರು ಕೂಡ ಆ ಹುಲ್ಲನ್ನು ಮುಟ್ಟಲಿಲ್ಲ.

*

ಊಟ. ಇಲ್ಲಿ ನಮ್ಮವರದು ಮೇಲುಗೈ. ಸ್ಟೀಲ್ ತಟ್ಟೆ, ಅನ್ನ, ಸಾರು, ಪಲ್ಯದ ಊಟ ಎಂದರೆ ಇಂಗಾಲದ ಲೆಕ್ಕ ತಲೆಗೆ ಒಂದು ಕೆಜಿಯ ಸುತ್ತಮುತ್ತಲಲ್ಲೇ ಮುಗಿಯುತ್ತದೆ. ಬೆಂಗಳೂರಿನಲ್ಲಿ ಅದಮ್ಯ ಚೇತನದವರ ಪ್ಲೇಟ್ ಬ್ಯಾಂಕ್ ಇದೆ. ಸಮಾರಂಭಗಳಿಗೆ ಸ್ಟೀಲ್ ತಟ್ಟೆ ಲೋಟ ಕೊಡುತ್ತಾರೆ. ಮದುವೆಯವರು, ಉತ್ಸವದವರು ಒಯ್ಯುತ್ತಾರೆ. ಕಾರ್ಪೊರೇಟ್ ಸಭೆಗಳಲ್ಲಿ ಮಾತ್ರ ಅಡಿಕೆ ಹಾಳೆಯ ತಟ್ಟೆಯನ್ನು ದೊಡ್ಡ ಸಂಶೋಧನೆ ಎಂಬಂತೆ ವೇದಿಕೆಯ ಮೇಲೆ ಎತ್ತಿ ತೋರಿಸುತ್ತಾರೆ. ಮಲೆನಾಡಿನವರು ಸಭೆಯಲ್ಲಿದ್ದರೆ ಮುಗುಳ್ನಗುತ್ತಾರೆ. ನನಗೆ ಊಟದಲ್ಲಿ ಒಂದೇ ದೂರು: ಸಾವಿರ ಜನಕ್ಕೆ ಎಂದು ಅಡುಗೆ ಮಾಡಿ, ಏಳುನೂರು ಜನ ಉಂಡು, ಉಳಿದದ್ದು ಏನಾಯಿತೆಂದು ಕೇಳಿದರೆ ಅಡುಗೆ ಕಾಂಟ್ರಾಕ್ಟರೂ ಆಯೋಜಕರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

*

ಬೀಳ್ಕೊಡುವಾಗ ಸಸಿ ಕೊಡುತ್ತಾರೆ. ವಿಮಾನದಲ್ಲಿ ಬಂದವರು ಅದನ್ನು ಹೋಟೆಲಿನ ಕೋಣೆಯಲ್ಲಿ ಬಿಟ್ಟು ಹೋಗುತ್ತಾರೆ. ಇನ್ನು ಕೆಲವರು ಎಲ್ಲಿಯೋ ಕಾಡು ಉಳಿಸಿದ ಪತ್ರ ಕೊಂಡು ‘ಇಂಗಾಲ ತಟಸ್ಥ’ ಎಂದು ಬೋರ್ಡು ಹಾಕುತ್ತಾರೆ. ಇಂಥ ಪತ್ರಗಳನ್ನೇ ನಂಬಿ ಸರಕಿನ ಮೇಲೆ ‘ತಟಸ್ಥ’ ಎಂದು ಬರೆಯುವುದನ್ನು ಯುರೋಪಿನ ಒಕ್ಕೂಟ 2024ರ ನಿರ್ದೇಶನದಲ್ಲಿ ನಿಷೇಧಿಸಿದೆ, 2026ರ ಸೆಪ್ಟೆಂಬರ್ 27ರಿಂದ ಜಾರಿ. ಮೇಳಗಳ ಸುಸ್ಥಿರ ನಿರ್ವಹಣೆಗೆಂದೇ 2012ರಲ್ಲಿ, ಲಂಡನ್ ಒಲಿಂಪಿಕ್ಸ್ ವರ್ಷದಲ್ಲಿ, ಐಎಸ್‌ಒ 20121 ಎಂಬ ಮಾನದಂಡ ಬಂತು. ಓದಿ ನೋಡಿದರೆ ಅದು ಇಷ್ಟೇ ಹೊಗೆ ಬಿಡಬೇಕು ಎನ್ನುವುದಿಲ್ಲ. ಗುರಿ ಇಟ್ಟುಕೊಳ್ಳಿ, ಬರೆದಿಡಿ, ಮತ್ತೆ ನೋಡಿ ಎನ್ನುತ್ತದೆ. ಎಲೆ ಎತ್ತೋ ಎಂದರೆ ಉಂಡವರನ್ನು ಎಣಿಸಲು ಕೂತವನ ನೆನಪು ಅಲ್ಲಿ ನನಗೆ ಬಾರದೆ ಇರಲಿಲ್ಲ.

*

ಆದರೆ ಎಣಿಕೆಯೂ ಸರಿಯಾಗಿ ಆಗುತ್ತಿಲ್ಲವಲ್ಲ. ನೋಂದಣಿಯ ಅರ್ಜಿಯಲ್ಲಿ ಏನೆಲ್ಲ ಕೇಳುತ್ತಾರೆ! ಹುದ್ದೆ, ಕಂಪನಿಯ ವಹಿವಾಟು, ಕೊಳ್ಳುವ ಅಧಿಕಾರ ನಿಮಗಿದೆಯೇ, ಯಾವ ಯಂತ್ರದಲ್ಲಿ ಆಸಕ್ತಿ, ವಾಟ್ಸ್ಆ್ಯಪ್ ನಂಬರು. ಯಾವ ಊರಿಂದ ಹೇಗೆ ಬರುತ್ತೀರಿ, ಈ ಪಯಣದಲ್ಲಿ ಬೇರೆ ಕೆಲಸವೂ ಇದೆಯೇ ಎಂಬ ಎರಡು ಪ್ರಶ್ನೆ ಸೇರಿಸಿದರೆ ಅರ್ಧ ಲೆಕ್ಕ ಅಲ್ಲೇ ಆಗುತ್ತದೆ. ಕೇಳದೆ, ಮೇಳ ಮುಗಿದ ಮೇಲೆ ಸಲಹೆಗಾರರನ್ನು ಹಿಡಿದು ‘ಸಂದರ್ಶಕರು ಸರಾಸರಿ ಇಷ್ಟು ದೂರದಿಂದ ಬಂದಿರಬಹುದು’ ಎಂದು ಊಹಿಸಿ ವರದಿ ಬರೆಸುತ್ತಾರೆ. ಊಹೆ ದಶಮಾಂಶದ ಎರಡನೇ ಸ್ಥಾನದವರೆಗೂ ಇರುತ್ತದೆ.

*

ಆ ‘ನೇಚರ್’ ಲೇಖನಕ್ಕೆ ಮತ್ತೆ ಹೋದೆ. ಸಭೆಯನ್ನು ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು ದೇಶದ ನಡುವಿನ ಶಿಕಾಗೊಗೆ ಒಯ್ದಿದ್ದರೆ ಅಷ್ಟಕ್ಕೇ ಶೇ 12ರಷ್ಟು ಇಳಿಯುತ್ತಿತ್ತಂತೆ. ದೂರದವರು ಆನ್‌ಲೈನಿನಲ್ಲಿ ಸೇರಿಕೊಳ್ಳಲಿ ಎನ್ನುವುದು ಇನ್ನೊಂದು ಸಲಹೆ. ಮತ್ತೊಂದು, ಪ್ರತಿವರ್ಷದ ಬದಲು ಎರಡು ವರ್ಷಕ್ಕೊಮ್ಮೆ ನಡೆಸಿ. ಅದನ್ನು ಓದಿ ಪೆನ್ನು ಕೆಳಗಿಟ್ಟೆ. ಏರೋ ಇಂಡಿಯಾ 1996ರಿಂದ ಎರಡು ವರ್ಷಕ್ಕೊಮ್ಮೆ ನಡೆಯುತ್ತಿದೆ. ಜೆಸಿಬಿ, ಕ್ರೇನುಗಳ ಮೇಳವಾದ ಎಕ್ಸ್‌ಕಾನ್ ಕೂಡ ಎರಡು ವರ್ಷಕ್ಕೊಮ್ಮೆ. ಲೋಟ, ಸಸಿ, ಬಿದಿರಿನ ಪೆನ್ನು ಎಲ್ಲ ಸೇರಿಸಿದರೂ ಮುಟ್ಟಲಾಗದಷ್ಟು ಕಡಿತ ಇದೊಂದರಲ್ಲೇ ಇದೆ. ಯಾರೂ ಇದನ್ನು ಹಸಿರು ಕಿರುಹೊತ್ತಗೆಯಲ್ಲಿ ಅಚ್ಚು ಹಾಕಿಸಿಕೊಂಡಿದ್ದು ಕಂಡಿಲ್ಲ. ಮೇಳಗಳನ್ನು ನಡೆಸಿ ಪಳಗಿದ ಒಬ್ಬರನ್ನು, ವರ್ಷ ಬಿಟ್ಟು ವರ್ಷ ಮಾಡುವ ಪದ್ಧತಿ ಪರಿಸರದ ದೃಷ್ಟಿಯಿಂದ ಬಂದದ್ದೇ ಎಂದು ಕೇಳಿದೆ.

‘ಪರಿಸರ ಎಲ್ಲಿ ಬಂತು ಸಾರ್? ವರ್ಷವರ್ಷ ಮಾಡಿದ್ರೆ ತೋರ್ಸೋಕೆ ಹೊಸ ಮಾಲು ಎಲ್ಲಿಂದ ತರೋದು?’